ಎಂ.ಫಿಲ್ ಹೋಯಿತು, ಕೈ ಪಳಗಿಸುವವರು ಯಾರು?

ಮನೋವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಮಾನಸಿಕ ತೊಂದರೆಗಳನ್ನು ಪರೀಕ್ಷಿಸಿ ಮಾತಿನ ಮೂಲಕ ಚಿಕಿತ್ಸೆ ಕೊಡುವ ಮನೋವಿಜ್ಞಾನಿ, ಆಗಬೇಕೆಂದು ಹೊರಟವರಿಗೆ ಕಳೆದ ಎರಡು ಮೂರು ವರ್ಷಗಳ ಸುದ್ದಿಗಳನ್ನು ಒಟ್ಟಿಗೆ ಓದಿದರೆ ತಲೆ ತಿರುಗುತ್ತದೆ. ಎಂ.ಫಿಲ್ ಎಂಬ ಪದವಿಯೇ ಇನ್ನಿಲ್ಲ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಹೇಳಿತು. ಆಮೇಲೆ, ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯದ ಎಂ.ಫಿಲ್‌ಗೆ ಮಾತ್ರ 2025-26ರವರೆಗೆ ವಿನಾಯಿತಿ ಎಂದಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಆಪ್ತಸಮಾಲೋಚಕರನ್ನೋ ಮನೋವಿಜ್ಞಾನಿಯನ್ನೋ ಸಮಾಜ ಕಾರ್ಯಕರ್ತರನ್ನೋ ನೇಮಿಸಿಕೊಳ್ಳಬೇಕೆಂದು ನಿರ್ದೇಶಿಸಿತು. ಮರುತಿಂಗಳೇ, ದೂರಶಿಕ್ಷಣ ಮತ್ತು ಆನ್‌ಲೈನ್ ಕ್ರಮದಲ್ಲಿ ಮನೋವಿಜ್ಞಾನ ಕಲಿಸುವಂತಿಲ್ಲ ಎಂಬ ಯುಜಿಸಿ ಆದೇಶ ಹೊರಬಿತ್ತು. ಜನ ಬೇಕೆಂದು ಒಬ್ಬರು ಕೂಗುತ್ತಿರುವಾಗ ಇನ್ನೊಬ್ಬರು ಬಾಗಿಲು ಎಳೆದುಕೊಳ್ಳುತ್ತಿರುವಂತೆ ಕಾಣುತ್ತದೆ.

ಈ ಗದ್ದಲದಲ್ಲಿ ಚರ್ಚೆಯೆಲ್ಲ ಪದವಿಯ ಹೆಸರನ್ನು ಹಿಡಿದು ಸುತ್ತುತ್ತಿದೆ: ಎಂ.ಫಿಲ್ ಮೇಲೋ, ಹೊಸ ಎಂ.ಎ. ಸಾಕೋ, ಸೈ.ಡಿ. (ಮನೋವಿಜ್ಞಾನದ ವೃತ್ತಿಪರ ಡಾಕ್ಟರೇಟ್) ಮಾಡಬೇಕೋ? ಇಷ್ಟೇ ಮುಖ್ಯವಾದ, ಆದರೆ ಯಾರೂ ಗಟ್ಟಿಯಾಗಿ ಕೇಳದ ಪ್ರಶ್ನೆಯೊಂದಿದೆ. ಹೊಸಬರನ್ನು ರೋಗಿಯ ಎದುರು ಕೂರಿಸಿ, ಪಕ್ಕದಲ್ಲಿದ್ದು, ತಪ್ಪು ತಿದ್ದಿ ಕೆಲಸ ಕಲಿಸುವವರು ಯಾರು? ಎಷ್ಟು ಗಂಟೆ? ಯಾರ ಖರ್ಚಿನಲ್ಲಿ?

ಏನು ರದ್ದಾಯಿತು, ಏಕೆ?

2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಂ.ಫಿಲ್ ಅನ್ನು ಕೈಬಿಡುವಂತೆ ಹೇಳಿತ್ತು. ಪಿಎಚ್.ಡಿ.ಗೆ ಮುನ್ನದ ಸಂಶೋಧನಾ ಮೆಟ್ಟಿಲು ಎಂಬ ನೆಲೆಯಲ್ಲಿ ಎಂ.ಫಿಲ್‌ನ ಉಪಯೋಗ ಮುಗಿದಿದೆ ಎಂಬುದು ಅದರ ಹಿಂದಿನ ತರ್ಕ. ಇತಿಹಾಸಕ್ಕೋ ಅರ್ಥಶಾಸ್ತ್ರಕ್ಕೋ ಈ ಮಾತು ಒಪ್ಪಬಹುದು. 2022ರ ನವೆಂಬರ್‌ನಲ್ಲಿ ಯುಜಿಸಿ ಹೊರಡಿಸಿದ ಪಿಎಚ್.ಡಿ. ನಿಯಮಾವಳಿಯಲ್ಲಿ ಇದು ಜಾರಿಗೆ ಬಂತು. ಆದರೂ ಪ್ರವೇಶ ನೀಡುತ್ತಿದ್ದ ವಿಶ್ವವಿದ್ಯಾಲಯಗಳಿಗೆ 2023ರ ಡಿಸೆಂಬರ್‌ನಲ್ಲಿ ಎಚ್ಚರಿಕೆಯನ್ನೂ ಕೊಡಲಾಯಿತು.

ತೊಡಕು ಎದ್ದದ್ದು ಇಲ್ಲಿ. ಕ್ಲಿನಿಕಲ್ ಸೈಕಾಲಜಿಯ ಎಂ.ಫಿಲ್ ಹೆಸರಿಗೆ ಮಾತ್ರ ಎಂ.ಫಿಲ್. ಸ್ವಭಾವದಲ್ಲಿ ಅದು ಆಸ್ಪತ್ರೆಯಲ್ಲಿ ನಡೆಯುವ ಎರಡು ವರ್ಷದ ಪೂರ್ಣಾವಧಿ ವೃತ್ತಿ ತರಬೇತಿ. 1954ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಮರುವರ್ಷವೇ ಈ ಬಗೆಯ ತರಬೇತಿಯನ್ನು ಡಿಪ್ಲೊಮಾ ರೂಪದಲ್ಲಿ ಆರಂಭಿಸಿತು. ಆ ಸಂಸ್ಥೆ 1974ರಲ್ಲಿ ರಾಜ್ಯದ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯಿತು. ಡಿಪ್ಲೊಮಾ ಮುಂದೆ ಎಂ.ಫಿಲ್ ಆಯಿತು. ಅದಕ್ಕೂ ಬಹಳ ಹಿಂದೆ, 1924ರಲ್ಲೇ, ಮೈಸೂರು ವಿಶ್ವವಿದ್ಯಾಲಯ ಮನೋವಿಜ್ಞಾನ ವಿಭಾಗ ತೆರೆದಿತ್ತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರನ್ನು ನಾಡು ನೆನೆಯುವುದು ಮೈಸೂರಿನ ಆಕಾಶವಾಣಿಗಾಗಿ, ಅದು ಬೇರೆ ಮಾತು. ಓದಿಸುವ ವಿಭಾಗ ಹುಟ್ಟಿದ ಮೂರು ದಶಕಗಳ ಮೇಲೆ ರೋಗಿಯ ಪಕ್ಕದಲ್ಲಿ ಕಲಿಸುವ ವ್ಯವಸ್ಥೆ ಬಂತು ಎಂಬುದನ್ನು ಮಾತ್ರ ಇಲ್ಲಿ ಗಮನಿಸಬೇಕು. ಆ ಎರಡರ ನಡುವಿನ ಅಂತರ ಇಂದಿಗೂ ತುಂಬಿಲ್ಲ.

ಸಂಶೋಧನಾ ಪದವಿಗಳ ಸಾಲಿನಲ್ಲಿ ನಿಂತಿದ್ದ ಕಾರಣಕ್ಕೆ ಒಂದು ವೃತ್ತಿ ತರಬೇತಿಗೂ ಕತ್ತರಿ ಬಿತ್ತು. ಅದರ ಜಾಗಕ್ಕೆ ಏನು ಎಂಬುದು ತೀರ್ಮಾನವಾಗುವ ಮೊದಲೇ ಬಿತ್ತು. ವಿನಾಯಿತಿ ಕೊಡಬೇಕಾಗಿ ಬಂದದ್ದು ಅದಕ್ಕೇ.

ಒಂದು ವೃತ್ತಿ, ಮೂರು ಕಾಯ್ದೆ

ಗೊಂದಲದ ಇನ್ನೊಂದು ಬೇರು ಕಾನೂನಿನಲ್ಲಿದೆ. ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, 1992ರ ಕಾಯ್ದೆಯಡಿ ಕೆಲಸ ಮಾಡುತ್ತದೆ. ಅಂಗವಿಕಲರ ಪುನರ್ವಸತಿಗೆ ಬೇಕಾದ ವೃತ್ತಿಪರರನ್ನು ನೋಂದಾಯಿಸುವುದು ಅದರ ಕೆಲಸ. ಆ ಪಟ್ಟಿಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟರೂ ಇದ್ದಾರೆ. ನೋಂದಣಿ ಇಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದು ಕಾಯ್ದೆ ಹೇಳುತ್ತದೆ. ಸಾವಿರ ರೂಪಾಯಿಗೆ ಬೆದರುವವರು ಈಗ ಎಷ್ಟು ಮಂದಿ ಇದ್ದಾರು!

ಎರಡನೆಯದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಯಾರು ಎಂಬುದಕ್ಕೆ ಇದು ಎರಡು ದಾರಿ ತೋರಿಸುತ್ತದೆ. ಆರ್‌ಸಿಐ ಮಾನ್ಯ ಮಾಡಿದ ಸಂಸ್ಥೆಯಿಂದ ಕ್ಲಿನಿಕಲ್ ಸೈಕಾಲಜಿಯಲ್ಲಿ ಮಾನ್ಯತೆ ಪಡೆದ ವಿದ್ಯಾರ್ಹತೆ ಒಂದು ದಾರಿ. ಸ್ನಾತಕೋತ್ತರ ಪದವಿಯ ಮೇಲೆ, ಮೇಲ್ವಿಚಾರಣೆಯಲ್ಲಿ ಚಿಕಿತ್ಸಾ ತರಬೇತಿ ಒಳಗೊಂಡ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್ ಇನ್ನೊಂದು ದಾರಿ. ಎಂ.ಫಿಲ್ ನಿಂತರೆ ಎರಡನೆಯ ದಾರಿ ಹೊಸಬರಿಗೆ ಮುಚ್ಚುತ್ತದೆ. ಮೊದಲನೆಯದು ತೆರೆದೇ ಇರುತ್ತದೆ. ಹಾಗಾಗಿ ‘ಎಂ.ಫಿಲ್ ಹೋದರೆ ಇನ್ನು ಕ್ಲಿನಿಕಲ್ ಸೈಕಾಲಜಿಸ್ಟರೇ ಹುಟ್ಟುವುದಿಲ್ಲ’ ಎಂದು ಹಬ್ಬಿದ ಮಾತು ಸರಿಯಲ್ಲ. ಈಗಾಗಲೇ ಎಂ.ಫಿಲ್ ಪಡೆದು ನೋಂದಾಯಿಸಿಕೊಂಡವರ ಅರ್ಹತೆಗೂ ಧಕ್ಕೆಯಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಎರಡನೆಯ ದಾರಿಯಲ್ಲಿ ತರಬೇತಿಯ ಅವಧಿ ಮತ್ತು ಮೇಲ್ವಿಚಾರಣೆ ಕಾಯ್ದೆಯ ಪಠ್ಯದಲ್ಲೇ ಬರೆದಿವೆ. ಮೊದಲನೆಯದರಲ್ಲಿ ಅದನ್ನು ಪರಿಷತ್ತಿನ ವಿವೇಚನೆಗೆ ಬಿಟ್ಟಿದೆ. ಕಾಯ್ದೆಯ ಹಿಡಿತದಲ್ಲಿದ್ದ ಒಂದು ಷರತ್ತು ಸದ್ದಿಲ್ಲದೆ ಸುತ್ತೋಲೆಯ ಮಟ್ಟಕ್ಕೆ ಇಳಿಯಿತು.

ಮೂರನೆಯದು 2021ರ ಸಹಾಯಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ. ಇದರ ಅನುಸೂಚಿಯಲ್ಲಿ ‘ಮನೋವಿಜ್ಞಾನಿ’ ಎಂಬ ವರ್ಗವಿದೆ. ಆದರೆ ಆರ್‌ಸಿಐ ವ್ಯಾಪ್ತಿಯ ಕ್ಲಿನಿಕಲ್ ಸೈಕಾಲಜಿಸ್ಟರನ್ನು ಅದರಿಂದ ಹೊರಗಿಡಲಾಗಿದೆ. ಫಲವಾಗಿ ಒಂದೇ ಎಂ.ಎ. ತರಗತಿಯಲ್ಲಿ ಕುಳಿತವರ ಮುಂದೆ ಎರಡು ಮನೆಗಳಿವೆ. ಆಸ್ಪತ್ರೆಯ ಕಡೆ ಹೋದವರು ಆರ್‌ಸಿಐ ಕೈಗೆ, ಶಾಲೆ ಮತ್ತು ಸಮಾಲೋಚನೆಯ ಕಡೆ ಹೋದವರು ಹೊಸ ಆಯೋಗದ ಕೈಗೆ. ದೂರಶಿಕ್ಷಣದ ಮೇಲಿನ ನಿಷೇಧಕ್ಕೆ ಯುಜಿಸಿ ಆಧಾರವಾಗಿ ಹಿಡಿದದ್ದು ಈ 2021ರ ಕಾಯ್ದೆಯನ್ನೇ. ಸಾಮಾಜಿಕ ನ್ಯಾಯ ಇಲಾಖೆಯ ಅಡಿಯಲ್ಲಿ ಒಂದು ಸಂಸ್ಥೆ, ಆರೋಗ್ಯ ಇಲಾಖೆಯ ಅಡಿಯಲ್ಲಿ ಇನ್ನೊಂದು; ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಮಾತು ನೆನಪಾದರೆ ತಪ್ಪೇನಿಲ್ಲ.

ಇಂಟರ್ನ್ ಕಲಿಯಬೇಕಾದದ್ದು ಏನು?

ಹೊರಗಿನಿಂದ ನೋಡುವವರಿಗೆ ಮನೋವಿಜ್ಞಾನಿಯ ಕೆಲಸ ಸಾವಧಾನದಿಂದ ಮಾತಾಡುವುದು ಎಂದಷ್ಟೇ ಕಾಣುತ್ತದೆ. ತರಬೇತಿಯ ಗುರಿಗಳನ್ನು ಬಿಡಿಸಿ ನೋಡಿದರೆ ಚಿತ್ರ ಬೇರೆ.

ಮೊದಲ ಹಂತ ರೋಗಿಯ ವೃತ್ತಾಂತ ಬರೆದುಕೊಳ್ಳುವುದು. ಹೊಸ ಇಂಟರ್ನ್, ಅಂದರೆ ತರಬೇತಿಯಲ್ಲಿರುವ ವಿದ್ಯಾರ್ಥಿ, ಸಾಮಾನ್ಯವಾಗಿ ಪಟ್ಟಿ ಹಿಡಿದು ಪ್ರಶ್ನೆ ಕೇಳುತ್ತಾನೆ: ನಿದ್ರೆ ಬರುತ್ತದೆಯೇ, ಊಟ ಸೇರುತ್ತದೆಯೇ, ಎಷ್ಟು ದಿನದಿಂದ? ಉತ್ತರಗಳೂ ಪಟ್ಟಿಯಂತೆಯೇ ಬರುತ್ತವೆ. ಆದರೆ ನಮ್ಮಲ್ಲಿ ಎಷ್ಟೋ ಮಂದಿ ಬೇಸರವನ್ನು ಬೇಸರ ಎಂದು ಹೇಳುವುದಿಲ್ಲ. ತಲೆ ಭಾರ, ಎದೆ ಹಿಡಿದಂತೆ, ಮೈಯೆಲ್ಲ ಉರಿ, ಕೈಕಾಲಿನಲ್ಲಿ ಜೀವವಿಲ್ಲ ಎನ್ನುತ್ತಾರೆ. ಇವುಗಳಲ್ಲಿ ಯಾವುದು ಖಿನ್ನತೆ, ಯಾವುದು ಆತಂಕ, ಯಾವುದು ಥೈರಾಯ್ಡ್ ಅಥವಾ ರಕ್ತಹೀನತೆಯ ಲಕ್ಷಣ, ಯಾವುದು ಇವೆಲ್ಲವೂ ಬೆರೆತದ್ದು ಎಂದು ಬೇರ್ಪಡಿಸಲು ಪುಸ್ತಕ ಸಾಲದು. ‘ಸಾಕಾಗಿ ಹೋಗಿದೆ’ ಎಂದು ಎದುರಿಗಿದ್ದ ಹೆಂಗಸು ಹೇಳಿದಾಗ ಇಂಟರ್ನ್ ಮುಂದಿನ ಪ್ರಶ್ನೆಗೆ ಹೋಗಿಬಿಟ್ಟರೆ ದೊಡ್ಡ ಅಪಾಯವೊಂದು ಕೈತಪ್ಪಿ ಹೋಗಬಹುದು. ಅಲ್ಲಿ ನಿಲ್ಲಬೇಕು. ‘ಸಾಕಾಗಿದೆ ಅಂದರೆ, ಬದುಕುವುದೇ ಬೇಡ ಅನ್ನಿಸುತ್ತದೆಯೇ?’ ಎಂದು ನೇರವಾಗಿ ಕೇಳಬೇಕು. ಹೌದೆಂದರೆ ಏನಾದರೂ ಯೋಚಿಸಿದ್ದಾರೆಯೇ, ಕೈಗೆ ಸಿಗುವಲ್ಲಿ ಏನಿದೆ, ಮನೆಯಲ್ಲಿ ಕ್ರಿಮಿನಾಶಕದ ಡಬ್ಬಿ ಇದೆಯೇ, ರಾತ್ರಿ ಜೊತೆಗಿರುವವರು ಯಾರು ಎಂಬಲ್ಲಿಗೆ ಹೋಗಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬಂದೀತು ಎಂಬ ಅಳುಕು ಹೊಸಬರಲ್ಲಿ ಗಟ್ಟಿಯಾಗಿರುತ್ತದೆ. ಹಾಗಾಗುವುದಿಲ್ಲ ಎಂಬುದು ತಿಳಿದ ವಿಷಯ. ಆದರೆ ತಿಳಿದಿರುವುದಕ್ಕೂ ನಾಲಿಗೆ ಏಳುವುದಕ್ಕೂ ಬಹಳ ದೂರ. ಹಿರಿಯರೊಬ್ಬರು ಕೇಳುವುದನ್ನು ಪಕ್ಕದಲ್ಲಿ ಕುಳಿತು ನೋಡಿ, ಆಮೇಲೆ ತಾನು ಕೇಳಿ, ಅದನ್ನು ಅವರು ನೋಡಿದಾಗಲೇ ಆ ದೂರ ಕಡಿಮೆಯಾಗುವುದು.

ಎರಡನೆಯದು ಮನಃಸ್ಥಿತಿ ಪರೀಕ್ಷೆ. ರೋಗಿಯ ವೇಷ, ನಡೆ, ಮಾತಿನ ವೇಗ, ಯೋಚನೆಯ ಜಾಡು, ನೆನಪು ಎಲ್ಲವನ್ನೂ ಗಮನಿಸಿ ಬರೆಯುವ ಕೆಲಸ. ಮೂರನೆಯದು ಸಿಕ್ಕಿದ್ದನ್ನೆಲ್ಲ ಕೂಡಿಸಿ, ಈ ವ್ಯಕ್ತಿಗೆ ಈ ತೊಂದರೆ ಈಗಲೇ ಏಕೆ ಬಂತು, ಏಕೆ ಹೋಗುತ್ತಿಲ್ಲ ಎಂದು ವಿವರಿಸುವುದು. ಇಂಟರ್ನ್‌ಗಳು ಹೆಚ್ಚು ಎಡವುವುದು ಇಲ್ಲೇ. ರೋಗದ ಹೆಸರು ಪತ್ತೆಯಾದ ಕೂಡಲೇ ಕೆಲಸ ಮುಗಿಯಿತೆಂದು ಪುಸ್ತಕದ ಚಿಕಿತ್ಸೆಗೆ ಹಾರುತ್ತಾರೆ. ಆಮೇಲಿನದು ಚಿಕಿತ್ಸೆ, ಕುಟುಂಬದೊಡನೆ ಮಾತು, ಮನೋವೈದ್ಯರೊಡನೆ ಚರ್ಚೆ. ಎಂ.ಫಿಲ್‌ನ ಎರಡು ವರ್ಷಗಳಲ್ಲಿ ವಯಸ್ಕರ ಘಟಕ, ಮಕ್ಕಳ ಘಟಕ, ವ್ಯಸನ ಬಿಡಿಸುವ ಕೇಂದ್ರ, ನರಮನೋವಿಜ್ಞಾನ, ಪುನರ್ವಸತಿ ಎಂದು ತಿರುಗುತ್ತ ಇದನ್ನೆಲ್ಲ ಮಾಡಬೇಕಿತ್ತು. ಪೂರ್ಣ ಪ್ರಮಾಣದ ಪರೀಕ್ಷಾ ವರದಿಗಳನ್ನೂ ಚಿಕಿತ್ಸಾ ದಾಖಲೆಗಳನ್ನೂ ಬರೆದು ಒಪ್ಪಿಸಬೇಕಿತ್ತು. ಎಲ್ಲ ಕೇಂದ್ರಗಳಲ್ಲೂ ಇದು ಒಂದೇ ಶ್ರದ್ಧೆಯಿಂದ ನಡೆಯುತ್ತಿತ್ತು ಎಂದು ಹೇಳಲಾಗದು. ಆದರೆ ಚೌಕಟ್ಟು ಇತ್ತು.

69ಕ್ಕೂ 70ಕ್ಕೂ ನಡುವೆ

ಪರೀಕ್ಷೆಗಳ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕಚ್ಚಾ ತರಬೇತಿಯ ಬೆಲೆ ತೆರುವವರು ಯಾರೆಂದು ಅಲ್ಲಿ ಸ್ಪಷ್ಟವಾಗುತ್ತದೆ.

ಬೌದ್ಧಿಕ ಅಂಗವೈಕಲ್ಯದ ಪ್ರಮಾಣವನ್ನು ನಿರ್ಧರಿಸಲು 2018ರ ಕೇಂದ್ರ ಮಾರ್ಗಸೂಚಿ ವೈನ್‌ಲ್ಯಾಂಡ್ ಸಾಮಾಜಿಕ ಪ್ರಬುದ್ಧತೆಯ ಮಾಪಕವನ್ನು ಆಧಾರ ಮಾಡಿತು. ಮಗು ದಿನನಿತ್ಯದ ಯಾವ ಕೆಲಸಗಳನ್ನು ತಾನೇ ಮಾಡಿಕೊಳ್ಳುತ್ತದೆ ಎಂದು ತಂದೆತಾಯಿಯನ್ನು ಕೇಳಿ ಅಂಕ ಕೊಡುವ ವಿಧಾನ ಇದು. ಆ ಮಾರ್ಗಸೂಚಿಯಂತೆ ಅಂಕ 55ರಿಂದ 69ರ ನಡುವೆ ಬಂದರೆ ಅಂಗವೈಕಲ್ಯ ಶೇ 50. 70ರಿಂದ 84 ಆದರೆ ಶೇ 25. ಅನೇಕ ಸರ್ಕಾರಿ ಸೌಲಭ್ಯಗಳಿಗೆ ಬೇಕಾದ ಕನಿಷ್ಠ ಪ್ರಮಾಣ ಶೇ 40.

ಈ ಮಾಪಕದಲ್ಲಿ ‘ಸಾಮಾಜಿಕ ವಯಸ್ಸ’ನ್ನು ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಅಂಕ ಸಿಗುತ್ತದೆ. ಹತ್ತು ವರ್ಷ ತುಂಬಿದ ಹುಡುಗನನ್ನು ಊಹಿಸಿಕೊಳ್ಳಿ. ಅವನ ‘ಸಾಮಾಜಿಕ ವಯಸ್ಸು’ ಆರು ವರ್ಷ ಹನ್ನೊಂದು ತಿಂಗಳು ಎಂದು ಬಂದರೆ ಅಂಕ 69. ಸರಿಯಾಗಿ ಏಳು ವರ್ಷ ಎಂದು ಬಂದರೆ 70. ಒಂದೇ ತಿಂಗಳ ಅಂತರ. ‘ತಾನೇ ಸ್ನಾನ ಮಾಡುತ್ತಾನೆಯೇ?’ ಎಂದು ಇಂಟರ್ನ್ ಕೇಳುತ್ತಾನೆ. ‘ಇಲ್ಲ, ನಾನೇ ಮಾಡಿಸುತ್ತೇನೆ’ ಎನ್ನುತ್ತಾಳೆ ತಾಯಿ. ಬರುವುದಿಲ್ಲ ಎಂದು ಗೀಟು ಎಳೆದರೆ ಅಂಕ ಇಳಿಯಿತು. ಆದರೆ ಹುಡುಗನಿಗೆ ಬರುವುದಿಲ್ಲವೋ, ಬೆಳಗ್ಗೆ ಬಸ್ಸಿಗೆ ತಡವಾಗುತ್ತದೆಂದು ತಾಯಿಯೇ ಬಿಡುವುದಿಲ್ಲವೋ? ಇನ್ನೊಬ್ಬ ತಾಯಿ ಮಗನನ್ನು ಬಿಟ್ಟುಕೊಡಬಾರದೆಂದು ಎಲ್ಲದಕ್ಕೂ ‘ಮಾಡುತ್ತಾನೆ’ ಎನ್ನಬಹುದು. ಎರಡನೆಯ ಪ್ರಶ್ನೆ ಕೇಳುವ ಅಭ್ಯಾಸ ಇಂಟರ್ನ್‌ಗೆ ಇದ್ದರೆ ಅಂಕ ಮಗುವಿನ ಸ್ಥಿತಿಯನ್ನು ಹೇಳುತ್ತದೆ. ಇಲ್ಲದಿದ್ದರೆ ಅದು ತಾಯಿಯ ಮಾತಿನ ಧಾಟಿಯನ್ನು ಹೇಳುತ್ತದೆ. ಕೊನೆಗೆ ಪ್ರಮಾಣಪತ್ರಕ್ಕೆ ಸಹಿ ಹಾಕುವುದು ವೈದ್ಯಕೀಯ ಪ್ರಾಧಿಕಾರ, ನಿಜ. ಆದರೆ ಅವರ ಮೇಜಿನ ಮೇಲೆ ಬರುವ ಸಂಖ್ಯೆ ಹುಟ್ಟುವುದು ಈ ಮಾತುಕತೆಯಲ್ಲಿ.

ಭಾಷೆಯ ಕಥೆಯೂ ಇದೆ. ಬುದ್ಧಿಶಕ್ತಿ ಅಳೆಯಲು ಇಂದಿಗೂ ನಮ್ಮಲ್ಲಿ ಬಳಕೆಯಲ್ಲಿರುವ ಬಿನೆ-ಕಾಮತ್ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ, ಆಗ ಮುಂಬೈ ಪ್ರಾಂತದಲ್ಲಿದ್ದ ಮರಾಠಿ ಮತ್ತು ಕನ್ನಡದ ಮಕ್ಕಳಿಗಾಗಿ ರೂಪಿಸಿದರು. ಅಂದಿನ ಮಕ್ಕಳಿಗೆ ಪರಿಚಿತವಾಗಿದ್ದ ಪದ, ವಸ್ತು, ಸನ್ನಿವೇಶ ಇಂದಿನವರಿಗೆ ಹಾಗೇ ಇರಬೇಕಿಲ್ಲ. ಮನೆಯಲ್ಲಿ ತುಳುವನ್ನೋ ಲಂಬಾಣಿಯನ್ನೋ ದಖನಿ ಉರ್ದುವನ್ನೋ ಆಡುವ ಮಗುವಿಗೆ ಪಠ್ಯದ ಕನ್ನಡದಲ್ಲಿ ಪ್ರಶ್ನೆ ಹಾಕಿದರೆ ಅಂಕ ಕೆಳಗಿಳಿಯುವುದರಲ್ಲಿ ಆಶ್ಚರ್ಯವಿಲ್ಲ. ಮಾಪಕದ ಮಿತಿಯನ್ನು ಅರಿತು, ಫಲಿತಾಂಶದ ಪಕ್ಕದಲ್ಲಿ ಆ ಮಾತನ್ನೂ ವರದಿಯಲ್ಲಿ ಬರೆಯುವುದು ತರಬೇತಿಯ ಗುರಿಗಳಲ್ಲಿ ಒಂದಾಗಬೇಕು. ವಿದ್ಯಾರ್ಥಿ ಓದುವುದು ಇಂಗ್ಲಿಷಿನಲ್ಲಿ, ರೋಗಿ ಮಾತಾಡುವುದು ತನ್ನೂರಿನ ಕನ್ನಡದಲ್ಲಿ. ಈ ಎರಡನ್ನು ಜೋಡಿಸುವ ಕೆಲಸ ಯಾವ ಪಠ್ಯಕ್ರಮದ ಪಾಲಿಗೂ ಬಿದ್ದಿಲ್ಲ.

ಗುಟ್ಟು ಎಲ್ಲಿಯವರೆಗೆ?

ರೋಗಿ ಹೇಳಿದ್ದನ್ನು ಹೊರಗೆ ಆಡಬಾರದು ಎಂಬುದು ಮೊದಲ ಪಾಠ. 2017ರ ಕಾಯ್ದೆ ಅದನ್ನು ಹಕ್ಕಾಗಿಯೇ ಬರೆದಿದೆ. ಎರಡನೆಯ ಪಾಠ, ಯಾವಾಗ ಆಡಲೇಬೇಕು ಎಂಬುದು. ಶಾಲೆಯೊಂದರಲ್ಲಿ ಸಮಾಲೋಚನೆಗೆಂದು ಹೋದ ಇಂಟರ್ನ್ ಬಳಿ ಹದಿಮೂರರ ಹುಡುಗಿ, ‘ಯಾರಿಗೂ ಹೇಳಬೇಡಿ’ ಎಂದು ಮಾತು ತೆಗೆದುಕೊಂಡು ಸಂಬಂಧಿಕನೊಬ್ಬನ ಲೈಂಗಿಕ ಕಿರುಕುಳದ ಬಗ್ಗೆ ಹೇಳಿದಳು ಎನ್ನಿ. ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅದನ್ನು ಪೊಲೀಸರಿಗೆ ಅಥವಾ ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೆ ತಿಳಿಸುವುದು ಕಡ್ಡಾಯ. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸವಿದೆ. ಇಂಟರ್ನ್ ಎಂಬ ಕಾರಣಕ್ಕೆ ವಿನಾಯಿತಿಯಿಲ್ಲ. ಹಾಗೆಂದು ಹುಡುಗಿಗೆ ಏನೂ ಹೇಳದೆ ನೇರವಾಗಿ ಠಾಣೆಗೆ ಓಡಿದರೆ ಅವಳ ನಂಬಿಕೆ ಅಲ್ಲಿಗೇ ಮುರಿಯುತ್ತದೆ. ಮಾತು ಶುರುವಾಗುವ ಮೊದಲೇ ಗೋಪ್ಯತೆಯ ಮಿತಿಯನ್ನು ಹೇಳುವುದು, ವಿಷಯ ಹೊರಬಂದಾಗ ಮುಂದೇನಾಗುತ್ತದೆಂದು ಮಗುವಿಗೆ ತಿಳಿಯುವಂತೆ ವಿವರಿಸುವುದು, ಅಂದೇ ಮೇಲ್ವಿಚಾರಕರಿಗೆ ಕರೆ ಮಾಡುವುದು ಇವೆಲ್ಲ ಕೌಶಲಗಳೇ. ಆದರೆ ಕರೆ ಮಾಡಲು ಮೇಲ್ವಿಚಾರಕರು ಇರಬೇಕಲ್ಲ?

ಯಾರ ವಾದ ಏನು?

ಹೊಸ ವ್ಯವಸ್ಥೆಯನ್ನು ಬೆಂಬಲಿಸುವವರ ಲೆಕ್ಕ ಸರಳ. ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಕಾಯಿಲೆಯನ್ನು ಅವಲಂಬಿಸಿ ಶೇ 70ರಿಂದ 92ರವರೆಗೆ ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಇಷ್ಟು ದೊಡ್ಡ ಕೊರತೆಗೆ ಬೆರಳೆಣಿಕೆಯ ಎಂ.ಫಿಲ್ ಸೀಟುಗಳು ಯಾವ ಮೂಲೆಗೆ? ಪದವಿ, ಸ್ನಾತಕೋತ್ತರ, ಅದರ ಮೇಲೆ ಪ್ರವೇಶ ಪರೀಕ್ಷೆಯ ಪೈಪೋಟಿ, ಮತ್ತೆ ಎರಡು ವರ್ಷ. ಅಷ್ಟರಲ್ಲಿ ಎಷ್ಟೋ ಮಂದಿ, ಅದರಲ್ಲೂ ಮನೆಯ ಹೊಣೆ ಹೊತ್ತವರು, ಬೇರೆ ಕೆಲಸ ಹಿಡಿದಿರುತ್ತಾರೆ. ಆರ್‌ಸಿಐ ಮುಂದಿಟ್ಟಿರುವ ನಾಲ್ಕು ವರ್ಷದ ಆನರ್ಸ್ ಬಿ.ಎಸ್ಸಿ., ಎರಡು ವರ್ಷದ ಎಂ.ಎ., ಅದರ ಮೇಲೆ ಸೈ.ಡಿ. ಎಂಬ ಸರಣಿ ಮೊದಲ ದಿನದಿಂದಲೇ ವೃತ್ತಿಯ ಕಡೆಗೆ ಮುಖ ಮಾಡಿದೆ. ಎಂ.ಎ. ಮುಗಿದ ಮೇಲೆ ಮೊದಲ ಬಾರಿ ರೋಗಿಯ ಮುಖ ನೋಡುವ ಹಳೆಯ ಪದ್ಧತಿಗಿಂತ ಇದು ಮೇಲು ಎಂಬುದು ಅವರ ವಾದ. ಇದರಲ್ಲಿ ತಿರುಳಿದೆ.

ಎದುರು ಪಕ್ಷದವರು ಕೇಳುವುದು ಬೇರೆ. ಹಳೆಯ ದಾರಿಯಲ್ಲಿ ಎಂ.ಎ. ನಂತರ ಎರಡು ವರ್ಷ ಪೂರ್ತಿ ಆಸ್ಪತ್ರೆ ಇತ್ತು. ಈಗ ಎಂ.ಎ. ಒಳಗೇ ತರಗತಿ, ಪರೀಕ್ಷೆ, ಪ್ರಬಂಧ, ಆಸ್ಪತ್ರೆ ಎಲ್ಲವನ್ನೂ ತುರುಕಬೇಕು. ಹಾಗಾದರೆ ರೋಗಿಯ ಜೊತೆಗಿನ ಗಂಟೆಗಳಲ್ಲಿ ಕಡಿತವಾಗದೆ ಇರುತ್ತದೆಯೇ? ಸ್ವಂತ ಆಸ್ಪತ್ರೆ ಇಲ್ಲದ ವಿಶ್ವವಿದ್ಯಾಲಯಗಳು ಈ ಪದವಿಯನ್ನು ತೆರೆದರೆ ತರಬೇತಿ ಒಪ್ಪಂದ ಪತ್ರಗಳಲ್ಲೇ ಉಳಿದೀತು ಎಂಬ ಭಯವೂ ಇದೆ. ಈ ಆಕ್ಷೇಪ ಎತ್ತುವವರಲ್ಲಿ ಕೆಲವರಿಗೆ ತಮ್ಮ ಪದವಿಯ ಬೆಲೆ ಇಳಿಯಬಾರದೆಂಬ ಕಾಳಜಿಯೂ ಇರಬಹುದು. ಅಷ್ಟಕ್ಕೇ ಆಕ್ಷೇಪ ಸುಳ್ಳಾಗದು.

ಮೂರನೆಯ ಗುಂಪಿನ ದನಿ ಹೆಚ್ಚು ಕೇಳಿಸುವುದಿಲ್ಲ. ಎಂ.ಎ. ಮುಗಿಸಿ ಶಾಲೆ, ಸ್ವಯಂಸೇವಾ ಸಂಸ್ಥೆ, ಕಂಪನಿಗಳಲ್ಲಿ ವರ್ಷಗಟ್ಟಲೆ ಸಮಾಲೋಚನೆ ಮಾಡುತ್ತಿರುವವರು ಇವರು. ಇವರನ್ನು ಇಷ್ಟು ವರ್ಷ ಯಾವ ಪರಿಷತ್ತೂ ವಿಚಾರಿಸಿಕೊಂಡಿರಲಿಲ್ಲ. ದೂರಶಿಕ್ಷಣದಲ್ಲಿ ಓದಿದವರ ಸ್ಥಿತಿ ಇನ್ನೂ ಇಕ್ಕಟ್ಟಿನದು. ಬೇರೆ ಉದ್ಯೋಗದಲ್ಲಿದ್ದು, ಮಕ್ಕಳನ್ನು ಬೆಳೆಸುತ್ತ, ಊರು ಬಿಡಲಾಗದೆ ಓದಿದ ಹೆಂಗಸರಿಗೆ ಇದ್ದ ಒಂದು ದಾರಿ ಅದಾಗಿತ್ತು. ರೋಗಿಯ ಮುಂದೆ ಕೂರುವ ವೃತ್ತಿಯನ್ನು ಅಂಚೆಯಲ್ಲಿ ಕಲಿಸಲಾಗದು ಎಂಬುದು ಒಪ್ಪತಕ್ಕದ್ದೇ. ಆದರೆ ಪಾಠವನ್ನು ದೂರದಿಂದಲೂ ತರಬೇತಿಯನ್ನು ಹತ್ತಿರದ ಜಿಲ್ಲಾಸ್ಪತ್ರೆಯಲ್ಲೂ ಕೊಡುವ ನಡುದಾರಿಯನ್ನು ಆದೇಶ ಪರಿಗಣಿಸಲಿಲ್ಲ. ಬಾಗಿಲು ಪೂರ್ತಿ ಮುಚ್ಚಿತು.

ಗಂಟೆಗಳ ಲೆಕ್ಕ

ಹೊರದೇಶಗಳ ಉದಾಹರಣೆ ಇಲ್ಲಿ ಒಂದು ಮಟ್ಟಿಗೆ ನೆರವಿಗೆ ಬರುತ್ತದೆ. ಅಮೆರಿಕದಲ್ಲಿ ಡಾಕ್ಟರೇಟ್ ಮುಗಿಸುವ ಮುನ್ನ ಒಂದು ವರ್ಷದ ಪೂರ್ಣಾವಧಿ ಇಂಟರ್ನ್‌ಶಿಪ್ ಇದೆ; ಸುಮಾರು 2,000 ಗಂಟೆ. ಅಲ್ಲಿನ ಮನೋವಿಜ್ಞಾನ ಸಂಘದ ಮಾನ್ಯತಾ ನಿಯಮದಂತೆ ವಾರಕ್ಕೆ ಕನಿಷ್ಠ ನಾಲ್ಕು ಗಂಟೆ ಮೇಲ್ವಿಚಾರಣೆ ಸಿಗಬೇಕು. ಅದರಲ್ಲಿ ಎರಡು ಗಂಟೆ ಮೇಲ್ವಿಚಾರಕರು ಮತ್ತು ಇಂಟರ್ನ್ ಇಬ್ಬರೇ ಕೂತು ಮಾತಾಡಬೇಕು. ಇಂಟರ್ನ್ ಅನ್ನು ಸಂಶೋಧನೆ, ನೀತಿ ಮತ್ತು ಕಾನೂನು, ಸಾಂಸ್ಕೃತಿಕ ವೈವಿಧ್ಯ, ಪರೀಕ್ಷೆ, ಚಿಕಿತ್ಸೆ ಮುಂತಾದ ಒಂಬತ್ತು ಸಾಮರ್ಥ್ಯಗಳಲ್ಲಿ ಅಳೆಯುತ್ತಾರೆ. ಬ್ರಿಟನ್ನಿನಲ್ಲಿ ಕ್ಲಿನಿಕಲ್ ಸೈಕಾಲಜಿಯ ಡಾಕ್ಟರೇಟ್ ಮೂರು ವರ್ಷದ್ದು. ಹೆಚ್ಚಿನ ಪ್ರಶಿಕ್ಷಣಾರ್ಥಿಗಳು ರಾಷ್ಟ್ರೀಯ ಆರೋಗ್ಯ ಸೇವೆಯ ಸಂಬಳದ ನೌಕರರಾಗಿಯೇ ಅದನ್ನು ಕಲಿಯುತ್ತಾರೆ.

ನಮ್ಮ ಕಡೆಗೆ ಬನ್ನಿ. 2021ರ ಕಾಯ್ದೆ ಆರೋಗ್ಯ ವೃತ್ತಿಪರರ ಪದವಿಗೆ ಕನಿಷ್ಠ 3,600 ಗಂಟೆ ಎನ್ನುತ್ತದೆ. ಕೇಳಲು ದೊಡ್ಡ ಸಂಖ್ಯೆ. ಆದರೆ ಅದು ಮೂರರಿಂದ ಆರು ವರ್ಷಗಳಲ್ಲಿ ಹರಡಿದ ಇಡೀ ಕೋರ್ಸಿನ ಲೆಕ್ಕ, ರೋಗಿಯ ಪಕ್ಕದ ಗಂಟೆಗಳದ್ದಲ್ಲ. ಇನ್ನೊಂದು ತುದಿಯಲ್ಲಿ, ‘ಸೈಕಾಲಜಿ ಇಂಟರ್ನ್‌ಶಿಪ್’ ಎಂದು ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಕೊಡುವ ಹದಿನೈದು ದಿನದ ಆನ್‌ಲೈನ್ ಶಿಬಿರಗಳಿವೆ. ದಿನಕ್ಕೆ ಮೂರು ಗಂಟೆಯಂತೆ ಹಿಡಿದರೂ 45 ಗಂಟೆ, ಅದೂ ಸ್ಲೈಡ್ ನೋಡುತ್ತ. ಹಣ ಕೊಡುವವರು ಇಂಟರ್ನ್, ಪಡೆಯುವವರು ಸಂಸ್ಥೆ. ಕೈಗೆ ಸಿಗುವುದು ಪ್ರಮಾಣಪತ್ರ. ಬಯೋಡೇಟಾದಲ್ಲಿ ಎರಡು ವರ್ಷದ ತರಬೇತಿಯೂ ಇದೂ ಪಕ್ಕಪಕ್ಕದಲ್ಲೇ ಕೂರುತ್ತವೆ.

ಅಡಚಣೆ ಇರುವುದು ಮೇಲ್ವಿಚಾರಕರ ಸಂಖ್ಯೆಯಲ್ಲಿ

ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ವಾರಕ್ಕೆ ಒಬ್ಬ ಇಂಟರ್ನ್‌ಗೆ ಎರಡು ಗಂಟೆ ಪ್ರತ್ಯೇಕ ಮೇಲ್ವಿಚಾರಣೆ ಎಂದುಕೊಳ್ಳೋಣ. ನಾಲ್ವರಿದ್ದರೆ ಎಂಟು ಗಂಟೆ. ಹೊರರೋಗಿ ವಿಭಾಗ ನೋಡಿಕೊಂಡೂ ನಿಭಾಯಿಸಬಹುದು. ಹತ್ತು ಮಂದಿಯಾದರೆ ಇಪ್ಪತ್ತು ಗಂಟೆ, ಅಂದರೆ ಅವರ ಅರ್ಧ ವಾರ. ಮೂವತ್ತು ಮಂದಿಯನ್ನು ಒಬ್ಬರಿಗೆ ಹಚ್ಚಿದರೆ ಕೆಲಸದ ವಾರ ಮುಗಿದ ಮೇಲೂ ಗಂಟೆಗಳು ಬಾಕಿ. ಆಗ ಆಗುವುದು ಇಷ್ಟೇ: ವಾರಕ್ಕೊಮ್ಮೆ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಇಬ್ಬರ ಕೇಸು ಕೇಳಿ, ಉಳಿದವರ ದಾಖಲೆ ಪುಸ್ತಕಕ್ಕೆ ಸಹಿ.

ಎಂ.ಫಿಲ್ ಸೀಟುಗಳು ಕಡಿಮೆ ಇದ್ದದ್ದಕ್ಕೆ ಬೋಧಕರ ಕೊರತೆ ದೊಡ್ಡ ಕಾರಣ. ಆ ಕೊರತೆ ಪದವಿಯ ಹೆಸರು ಬದಲಾದ ಮಾತ್ರಕ್ಕೆ ನೀಗುವುದಿಲ್ಲ. ಎಂ.ಎ.ಗೆ ಸೀಟು ಹೆಚ್ಚಿಸಿದರೆ ಅದೇ ಕೆಲವೇ ಮಂದಿ ಹೆಚ್ಚು ಜನರಿಗೆ ಹಂಚಿಹೋಗುತ್ತಾರೆ. ಇನ್ನೊಂದು ಸುಳಿಯೂ ಇದೆ. ಚೆನ್ನಾಗಿ ಕಲಿತವರಿಗೆ ದೊಡ್ಡ ಊರಿನ ಖಾಸಗಿ ಕ್ಲಿನಿಕ್ಕಿನಲ್ಲಿ ಸಿಗುವ ಆದಾಯ ಸರ್ಕಾರಿ ಬೋಧಕ ಹುದ್ದೆಯಲ್ಲಿ ಸಿಗದು. ಅವರು ಬೋಧನೆಗೆ ಬರದಿದ್ದರೆ ಮುಂದಿನ ತಲೆಮಾರಿಗೆ ಮೇಲ್ವಿಚಾರಕರು ಇನ್ನೂ ಕಡಿಮೆ.

ಹಣದ ಪ್ರಶ್ನೆಯನ್ನೂ ಇಲ್ಲಿಯೇ ಕೇಳಬೇಕು. ನಿಮ್ಹಾನ್ಸ್‌ನಂಥ ಸಂಸ್ಥೆಯಲ್ಲಿ ಎಂ.ಫಿಲ್ ಮಾಡುವವರಿಗೆ ಶಿಷ್ಯವೇತನ ಇರುತ್ತಿತ್ತು; ಖಾಸಗಿ ಕಾಲೇಜುಗಳಲ್ಲಿ ಅದೇ ಪದವಿಗೆ ಲಕ್ಷಗಟ್ಟಲೆ ಶುಲ್ಕ. ವೈದ್ಯಕೀಯ ಪದವಿಯ ಇಂಟರ್ನ್‌ಗೆ ಶಿಷ್ಯವೇತನ ಕೊಡಬೇಕೆಂಬುದನ್ನು ನಾವು ಒಪ್ಪಿದ್ದೇವೆ. ಮನೋವಿಜ್ಞಾನದ ಇಂಟರ್ನ್ ಆಸ್ಪತ್ರೆಯಲ್ಲಿ ಮಾಡುವ ಕೆಲಸವನ್ನು ಮಾತ್ರ ಸೇವೆ ಎಂದು ಇನ್ನೂ ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಸಂಬಳವಿಲ್ಲದ ತರಬೇತಿ ಉದ್ದವಾದಷ್ಟೂ ಅದರೊಳಗೆ ಬರುವವರು ಅನುಕೂಲಸ್ಥರ ಮನೆಯವರೇ ಆಗುತ್ತಾರೆ. ಅವರಲ್ಲಿ ಹೆಚ್ಚಿನವರು ದೊಡ್ಡ ಊರಿನಲ್ಲೇ ಉಳಿಯುತ್ತಾರೆ. ರಾಯಚೂರಿಗೋ ಚಾಮರಾಜನಗರಕ್ಕೋ ಹೋಗುವವರು ಯಾರು ಎಂಬುದಕ್ಕೆ ಉತ್ತರ ಅಲ್ಲಿಂದಲೇ ತೀರ್ಮಾನವಾಗಿಬಿಡುತ್ತದೆ.

ಮುಂದೆ ಏನಾಗಬಹುದು?

ಹತ್ತಿರದ ಪರಿಣಾಮ ಶಾಲಾ ಕಾಲೇಜುಗಳಲ್ಲಿ ಕಾಣಿಸುತ್ತದೆ. ಸುಪ್ರೀಂ ಕೋರ್ಟಿನ ನಿರ್ದೇಶನದ ಹಿಂದೆ ಒಂದು ಕಠೋರ ಸಂಖ್ಯೆ ಇದೆ: 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರ ಹೇಳಿದೆ. ಮಕ್ಕಳು ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದವರೇ ಬೇಕು ಎಂದು ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು. ಆದರೆ ಅಷ್ಟು ಮಂದಿ ತರಬೇತಿ ಪಡೆದವರು ಒಮ್ಮೆಗೇ ಸಿಗುವುದಿಲ್ಲ. ಆಡಳಿತ ಮಂಡಳಿಗಳು ಕಡತ ತುಂಬಿಸಲು ಸಿಕ್ಕವರನ್ನು ತೆಗೆದುಕೊಳ್ಳುತ್ತವೆ. ಹದಿನೈದು ದಿನದ ಪ್ರಮಾಣಪತ್ರಗಳಿಗೆ ಬೇಡಿಕೆ ಏರುತ್ತದೆ. ಕೆಲವು ಕಡೆ ಇಂಟರ್ನ್‌ಗಳನ್ನೇ ಆಪ್ತಸಮಾಲೋಚಕರೆಂದು ತೋರಿಸುವ ಜಾಣತನವೂ ನಡೆದೀತು.

ಆರ್‌ಸಿಐ ಮತ್ತು ಹೊಸ ಆಯೋಗದ ನಡುವಿನ ಗಡಿ ನ್ಯಾಯಾಲಯದ ಮೆಟ್ಟಿಲು ಹತ್ತುವ ಸಾಧ್ಯತೆಯೂ ಇದೆ. ಖಿನ್ನತೆಯಿಂದ ಬಳಲುವ ವ್ಯಕ್ತಿಗೆ ಸಮಾಲೋಚನೆ ಕೊಡುವುದು ಎಲ್ಲಿ ಮುಗಿದು ಕ್ಲಿನಿಕಲ್ ಚಿಕಿತ್ಸೆ ಎಲ್ಲಿ ಶುರುವಾಗುತ್ತದೆ ಎಂದು ಕಾಗದದ ಮೇಲೆ ಗೆರೆ ಎಳೆಯುವುದು ಕಷ್ಟ.

ಕರ್ನಾಟಕಕ್ಕೆ ಒಂದು ಅನುಕೂಲವಿದೆ, ಬಳಸಿಕೊಂಡರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಮಾದರಿಯಾದದ್ದು 1980ರ ದಶಕದ ಬಳ್ಳಾರಿಯ ಪ್ರಯೋಗದಿಂದ. ಇಂದು ಎಲ್ಲ ಜಿಲ್ಲೆಗಳಲ್ಲೂ ಆ ತಂಡಗಳಿವೆ. ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಹೋಗುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇವೆ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯನ್ನು ರಾಷ್ಟ್ರಮಟ್ಟದಲ್ಲಿ ನೋಡಿಕೊಳ್ಳುವುದೂ ನಿಮ್ಹಾನ್ಸ್. ಇಂಟರ್ನ್‌ಗಳು ಜಿಲ್ಲಾ ತಂಡದೊಡನೆ ಕೆಲಸ ಮಾಡಿ, ಅಲ್ಲಿ ಬರೆದ ಕೇಸುಗಳನ್ನು ವಾರಕ್ಕೆರಡು ಬಾರಿ ವಿಡಿಯೊ ಮೂಲಕ ಧಾರವಾಡ ಅಥವಾ ಬೆಂಗಳೂರಿನ ಹಿರಿಯರ ಮುಂದೆ ಮಂಡಿಸುವ ವ್ಯವಸ್ಥೆಗೆ ಹೊಸ ಕಟ್ಟಡ ಬೇಡ. ಆದರೆ ಜಿಲ್ಲಾ ತಂಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟರಿಗೆ ಇರುವುದು ಒಂದು ಹುದ್ದೆ, ಅದೂ ಹೆಚ್ಚಾಗಿ ಗುತ್ತಿಗೆಯ ಮೇಲೆ. ವರ್ಷ ವರ್ಷ ನವೀಕರಣಕ್ಕೆ ಕಾಯುವವರಿಗೆ ಕಲಿಸುವ ಹೊಣೆಯನ್ನೂ ಹೊರಿಸಬೇಕಾದರೆ ಹುದ್ದೆಯನ್ನು ಕಾಯಂ ಮಾಡಿ, ಮೇಲ್ವಿಚಾರಣೆಯನ್ನು ಅವರ ಕರ್ತವ್ಯದ ಗಂಟೆಗಳಲ್ಲಿ ಸೇರಿಸಬೇಕಾಗುತ್ತದೆ.

ಈ ವರ್ಷ ಶುಲ್ಕ ಕಟ್ಟಬೇಕಾದ ವಿದ್ಯಾರ್ಥಿ ಇದಕ್ಕೆಲ್ಲ ಕಾಯುವಂತಿಲ್ಲ. ಕೋರ್ಸಿಗೆ ಮಾನ್ಯತೆ ಕೊಟ್ಟವರು ಆರ್‌ಸಿಐಯೋ ಆಯೋಗವೋ ಎಂದು ಕೇಳುವುದರ ಜೊತೆಗೆ, ಆಸ್ಪತ್ರೆ ಸ್ವಂತದ್ದೋ ಒಪ್ಪಂದದ್ದೋ, ಅಲ್ಲಿ ಯಾವ ಯಾವ ಘಟಕಗಳಿವೆ, ನೋಂದಾಯಿತ ಮೇಲ್ವಿಚಾರಕರು ಎಷ್ಟು ಮಂದಿ, ಒಬ್ಬರ ಕೈಕೆಳಗೆ ಎಷ್ಟು ಇಂಟರ್ನ್‌ಗಳು ಎಂದು ಕೇಳಬೇಕು. ಕಚೇರಿಯಲ್ಲಿ ಸಿಗುವ ಉತ್ತರಕ್ಕಿಂತ ಹಿಂದಿನ ತಂಡದ ವಿದ್ಯಾರ್ಥಿಯೊಬ್ಬರನ್ನು ಹುಡುಕಿ ಮಾತಾಡಿಸುವುದು ಮೇಲು. ಅವರು ಬರೆದ ವರದಿಯನ್ನು ಮೇಲ್ವಿಚಾರಕರು ಕೊನೆಯ ಬಾರಿ ತಿದ್ದಿದ್ದು ಯಾವಾಗ, ಏನೆಂದು ತಿದ್ದಿದರು ಎಂದು ಕೇಳಿದರೆ ಸಾಕಷ್ಟು ತಿಳಿಯುತ್ತದೆ.